ರಾತ್ರಿ ಯಂತ್ರದ ಡಯಾಲಿಸಿಸ್: ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮುಂಬಯಿಯಲ್ಲಿ ಪೆರಿಟೋನಿಯಲ್ ಡಯಾಲಿಸಿಸ್ ತರಬೇತಿ ನೀಡುವ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಮಾಟುಂಗ, ಡೊಂಬಿವಲಿ, ಮೀರಾ ರೋಡ್ ಕಡೆಯ ಕನ್ನಡದ ಮನೆಗಳಿಂದ ಈಗಲೂ ಫೋನ್ ಬರುತ್ತದೆ. ಆಸ್ಪತ್ರೆಯಲ್ಲಿ ಮರಾಠಿ, ಹಿಂದಿಯಲ್ಲಿ ಕೇಳಿಸಿಕೊಂಡು ತಲೆಯಾಡಿಸಿ ಬಂದವರಿಗೆ ಮನೆಯಲ್ಲಿ ಕುಳಿತಾಗ ನೂರು ಅನುಮಾನ ಹುಟ್ಟುತ್ತದೆ. ಅಂಥ ಪ್ರಶ್ನೆಗಳನ್ನೂ ನನ್ನ ಉತ್ತರಗಳನ್ನೂ ಇಲ್ಲಿ ಬರೆದಿದ್ದೇನೆ. ನಾನು ವೈದ್ಯಳಲ್ಲ. ಔಷಧ, ದ್ರವದ ಬಗೆ, ಅದರ ಪ್ರಮಾಣ ಎಲ್ಲವೂ ನಿಮ್ಮ ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ತಜ್ಞರು, ಹೇಳಿದಂತೆಯೇ ನಡೆಯಬೇಕು.

ಹೊಟ್ಟೆಯೊಳಗೆ ನೀರು ಬಿಟ್ಟರೆ ರಕ್ತ ಶುದ್ಧವಾಗುವುದು ಹೇಗೆ?

ಕರುಳನ್ನು ಸುತ್ತುವರಿದು ಪೆರಿಟೋನಿಯಂ ಎಂಬ ತೆಳುವಾದ ಪೊರೆಯಿದೆ. ಅದರ ತುಂಬ ಸಣ್ಣ ರಕ್ತನಾಳಗಳು. ಹೊಕ್ಕುಳ ಪಕ್ಕದಲ್ಲಿ ಕೂರಿಸಿದ ಮೆತ್ತನೆಯ ಕೊಳವೆಯಿಂದ ಗ್ಲೂಕೋಸ್ ಬೆರೆತ ಶುದ್ಧ ದ್ರವವನ್ನು ಒಳಗೆ ಬಿಟ್ಟು ಕೆಲಹೊತ್ತು ಹಾಗೆಯೇ ಇರಿಸಿದರೆ ಕೆಟ್ಟ ಕಿಡ್ನಿ ಹೊರಹಾಕದೆ ರಕ್ತದಲ್ಲಿ ಉಳಿದ ಯೂರಿಯಾ, ಕ್ರಿಯಾಟಿನಿನ್, ಪೊಟ್ಯಾಸಿಯಂ ಪೊರೆಯನ್ನು ದಾಟಿ ದ್ರವಕ್ಕೆ ಇಳಿಯುತ್ತವೆ. ಗ್ಲೂಕೋಸ್ ಮೈಯಲ್ಲಿ ಹೆಚ್ಚಾದ ನೀರನ್ನು ಎಳೆದುಕೊಳ್ಳುತ್ತದೆ. ಆಮೇಲೆ ಆ ದ್ರವವನ್ನು ಹೊರಬಿಟ್ಟು ಹೊಸದನ್ನು ತುಂಬುವುದು. ಕೈಯಿಂದ ದಿನಕ್ಕೆ ಮೂರು ನಾಲ್ಕು ಸಲ ಮಾಡಿದರೆ ಸಿ.ಎ.ಪಿ.ಡಿ. ನೀವು ಮಲಗಿರುವಾಗ ಸೈಕ್ಲರ್ ಎಂಬ ಯಂತ್ರ ಎಂಟರಿಂದ ಹತ್ತು ಗಂಟೆ ಕಾಲ ತಾನೇ ತುಂಬಿ, ಕಾದು, ಹೊರಬಿಟ್ಟರೆ ಎ.ಪಿ.ಡಿ.

ಇದು ಈಚೆಗೆ ಬಂದ ಪ್ರಯೋಗವೇ? ನಮ್ಮ ಮೇಲೆ ಪರೀಕ್ಷೆ ಮಾಡುತ್ತಿಲ್ಲ ತಾನೆ?

ಇಲ್ಲ. ಜರ್ಮನಿಯ ಗಿಯೋರ್ಗ್ ಗಾಂಟರ್ ಮನುಷ್ಯರ ಮೇಲೆ ಇದನ್ನು ಮಾಡಿದ್ದು 1923ರಲ್ಲಿ. ಇವತ್ತಿಗೂ ಬಳಕೆಯಲ್ಲಿರುವ ಕೊಳವೆಯನ್ನು ಹೆನ್ರಿ ಟೆಂಕಾಫ್ 1968ರಲ್ಲಿ ರೂಪಿಸಿದರು. ಅಮೆರಿಕದ ಪೊಪೊವಿಚ್ ಮತ್ತು ಮಾಂಕ್ರೀಫ್ 1976ರಲ್ಲಿ ಸಿ.ಎ.ಪಿ.ಡಿ.ಯನ್ನು ವಿವರಿಸಿದರು. ಯಂತ್ರದ ಮೊದಲ ರೂಪಗಳು 1960ರ ದಶಕದಲ್ಲೇ ಇದ್ದವು. ಭಾರತದಲ್ಲಿ ಸಿ.ಎ.ಪಿ.ಡಿ. ಆರಂಭವಾದದ್ದು 1991ರಲ್ಲಿ.

ಕೈಯಿಂದ ಮಾಡುವುದು ಒಳ್ಳೆಯದೋ, ಯಂತ್ರವೋ?

ಯಂತ್ರ ದುಬಾರಿ, ಆದ್ದರಿಂದ ಅದೇ ಮೇಲು ಎಂದು ಹಲವರು ನಂಬಿದ್ದಾರೆ. ಎಷ್ಟು ವರ್ಷ ಬದುಕುತ್ತೇವೆ ಎಂಬ ಲೆಕ್ಕದಲ್ಲಿ ಎರಡಕ್ಕೂ ಸ್ಪಷ್ಟವಾದ ವ್ಯತ್ಯಾಸ ಕಂಡುಬಂದಿಲ್ಲ. ವ್ಯತ್ಯಾಸ ಇರುವುದು ನಿಮ್ಮ ದಿನಚರಿಯಲ್ಲಿ. ಬೆಳಿಗ್ಗೆ 7.40ರ ಲೋಕಲ್ ಹಿಡಿದು ಸಿ.ಎಸ್.ಎಂ.ಟಿ. ನಿಲ್ದಾಣಕ್ಕೆ ಹೋಗಬೇಕಾದ ಬ್ಯಾಂಕ್ ನೌಕರರಿಗೆ, ಶಾಲೆಗೆ ಹೋಗುವ ಮಗುವಿಗೆ, ಹಗಲಿಡೀ ಹೋಟೆಲಿನ ಗಲ್ಲಾದಲ್ಲಿ ಕೂರುವವರಿಗೆ ರಾತ್ರಿಯ ಯಂತ್ರ ಹಗಲನ್ನು ಬಿಟ್ಟುಕೊಡುತ್ತದೆ. ಮನೆಯಲ್ಲೇ ಇರುವ, ಗಡಿಯಾರ ನೋಡಿ ಕೆಲಸ ಮಾಡಬಲ್ಲ ಹಿರಿಯರಿಗೆ ಕೈವಿಧಾನವೇ ಸಾಕಾಗುವುದುಂಟು.

ವೈದ್ಯಕೀಯ ಕಾರಣವೊಂದೂ ಇದೆ. ಕೊಳವೆ ಹಾಕಿದ ಕೆಲವು ವಾರಗಳ ನಂತರ ಪೆಟ್ ಎಂಬ ಪರೀಕ್ಷೆಯಲ್ಲಿ ನಿಮ್ಮ ಪೊರೆ ವೇಗದ್ದೋ ನಿಧಾನದ್ದೋ ಎಂದು ನೋಡುತ್ತಾರೆ. ವೇಗದ ಪೊರೆಯವರಲ್ಲಿ ಗ್ಲೂಕೋಸ್ ಬೇಗನೆ ರಕ್ತಕ್ಕೆ ಸೇರಿಹೋಗುವುದರಿಂದ ದ್ರವವನ್ನು ಹೆಚ್ಚು ಹೊತ್ತು ಒಳಗಿಟ್ಟರೆ ನೀರು ಹೊರಬರುವ ಬದಲು ಮೈಗೇ ಹಿಂತಿರುಗುತ್ತದೆ. ಅಂಥವರಿಗೆ ಚಿಕ್ಕ ಚಿಕ್ಕ ಅವಧಿಯ ಯಂತ್ರವಿಧಾನ ಹೊಂದುತ್ತದೆ. ನಿಧಾನದ ಪೊರೆಯವರಿಗೆ ದೀರ್ಘ ಅವಧಿಯೇ ಬೇಕು. ಇನ್ನೊಂದು ಮಾತು: ಅವಧಿ ತೀರಾ ಚಿಕ್ಕದಾದರೆ ನೀರು ಬಂದರೂ ಸೋಡಿಯಂ ಹಿಂದೆ ಉಳಿಯುತ್ತದೆ, ಬಾಯಾರಿಕೆ ಹೆಚ್ಚುತ್ತದೆ. ‘ಯಂತ್ರ ಇದೆಯಲ್ಲ, ಇನ್ನೆರಡು ಸುತ್ತು ಹಾಕಿಸೋಣ’ ಎನ್ನುವವರು ಇದನ್ನು ನೆನಪಿಡಬೇಕು.

ನಮ್ಮದು ರೂಮ್-ಕಿಚನ್ ಮನೆ. ಯಂತ್ರ, ಪೆಟ್ಟಿಗೆಗಳನ್ನು ಎಲ್ಲಿಡುವುದು?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದು. ಆಸ್ಪತ್ರೆಯವರು ಎಲ್ಲಕ್ಕಿಂತ ಕಡಿಮೆ ಮಾತಾಡುವುದೂ ಇದರ ಬಗ್ಗೆಯೇ.

ಲೆಕ್ಕ ಹಾಕಿ. ರಾತ್ರಿಗೆ ಹನ್ನೆರಡು ಲೀಟರ್ ಎಂದರೆ ತಿಂಗಳಿಗೆ 360 ಲೀಟರ್, ಅಂದರೆ 360 ಕಿಲೋಗೂ ಮೇಲಿನ ಸಾಮಾನು. ಮೂರನೆಯ ಮಹಡಿ, ಲಿಫ್ಟ್ ಇಲ್ಲ ಎಂದರೆ ಅದನ್ನು ಹೊರುವವರಾರು? ಹೊಟ್ಟೆಯಲ್ಲಿ ದ್ರವವಿರುವ ರೋಗಿ ಭಾರ ಎತ್ತಿದರೆ ಹರ್ನಿಯಾ ಆಗುವ ಭಯವಿದೆ, ಅವರು ಮುಟ್ಟುವಂತಿಲ್ಲ. ಪೆಟ್ಟಿಗೆಗಳನ್ನು ಮನೆಯ ಬಾಗಿಲಿಗೇ ತಂದುಕೊಡುತ್ತಾರೋ, ಕಟ್ಟಡದ ಗೇಟಿನಲ್ಲಿ ಇಳಿಸಿ ಹೋಗುತ್ತಾರೋ ಎಂದು ಮೊದಲೇ ಕೇಳಿ. ತಿಂಗಳ ಬದಲು ಹದಿನೈದು ದಿನಕ್ಕೊಮ್ಮೆ ತರಿಸಿಕೊಳ್ಳಬಹುದೇ ಎಂದೂ ಕೇಳಿ.

ಇಡಲು ದಿವಾನದ ಕೆಳಗಿನ ಜಾಗ ಒಳ್ಳೆಯದು. ಮುಂಬಯಿಯ ಮಳೆಗಾಲದಲ್ಲಿ ನೆಲವೂ ಗೋಡೆಯೂ ಬೆವರುತ್ತವೆ, ಆದ್ದರಿಂದ ಹಲಗೆಯ ಮೇಲೆ, ಗೋಡೆಯಿಂದ ಒಂದು ಗೇಣು ದೂರ. ಬಿಸಿಲು ಬೀಳಬಾರದು. ಮೊದಲು ಬಂದದ್ದು ಮೊದಲು ಖರ್ಚಾಗಬೇಕು. ಯಂತ್ರ ಹಳೆಯ ಟಿ.ವಿ. ಮೇಜಿನ ಮೇಲೆ ಕೂರುತ್ತದೆ. ಹೆಚ್ಚುಕಡಿಮೆ ಹಾಸಿಗೆಯ ಮಟ್ಟದಲ್ಲಿದ್ದರೆ ಸರಿ. ಹೊರಬಂದ ದ್ರವವನ್ನು ಉದ್ದನೆಯ ನಳಿಕೆಯಿಂದ ನೇರವಾಗಿ ಬಚ್ಚಲಿಗೆ ಬಿಡಬಹುದು. ಚಾಳಿನಲ್ಲಿದ್ದು ಶೌಚಾಲಯ ಹೊರಗಿದ್ದರೆ ಸಂಗ್ರಹದ ಬ್ಯಾಗ್ ಬಳಸಿ, ಬೆಳಿಗ್ಗೆ ಸುರಿದರಾಯಿತು.

ನಳಿಕೆ ಜೋಡಿಸುವ ಆ ಹತ್ತು ನಿಮಿಷ ಮಾತ್ರ ಕಟ್ಟುನಿಟ್ಟು. ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ, ಮಾಸ್ಕ್ ಧರಿಸಿ, ಸೋಪಿನಿಂದ ಕೈ ತೊಳೆದು ಒರೆಸಿ. ಕಿಟಕಿಯಲ್ಲಿ ಪಾರಿವಾಳ ಗೂಡು ಕಟ್ಟಿದ್ದರೆ ಜಾಲರಿ ಹಾಕಿಸಿ. ಬೆಕ್ಕನ್ನು ಹೊರಗೆ ಕಳಿಸಿ. ನಳಿಕೆ ಕಂಡರೆ ಅದಕ್ಕೆ ಆಟ. ಇಷ್ಟು ಮಾಡಿದರೆ ಚಿಕ್ಕ ಮನೆಯಲ್ಲೂ ಸೊಗಸಾಗಿ ನಡೆಯುತ್ತದೆ. ದೊಡ್ಡ ಫ್ಲ್ಯಾಟಿನಲ್ಲಿದ್ದು ಕೈ ತೊಳೆಯಲು ಬೇಸರಪಡುವವರಿಗೇ ಸೋಂಕು ಬಂದದ್ದನ್ನು ನಾನು ಹೆಚ್ಚು ಕಂಡಿದ್ದೇನೆ.

ರಾತ್ರಿ ಕರೆಂಟ್ ಹೋದರೆ? ನೆರೆ ಬಂದರೆ?

ಯಂತ್ರ ನಿಂತರೂ ಪ್ರಾಣಕ್ಕೆ ಅಪಾಯವಿಲ್ಲ. ರಕ್ತ ಮೈಯಿಂದ ಹೊರಗೆ ಬಂದಿರುವುದಿಲ್ಲವಲ್ಲ. ಒಳಗಿರುವ ದ್ರವ ಒಳಗೇ ಇರುತ್ತದೆ. ಸ್ವಲ್ಪ ಹೊತ್ತು ಕಾದು ನೋಡಿ, ಬರದಿದ್ದರೆ ಕಲಿಸಿಕೊಟ್ಟಂತೆ ನಳಿಕೆ ಬಿಚ್ಚಿ ಹೊಸ ಮುಚ್ಚಳ ಹಾಕಿ ಮಲಗಿ. ಕೈಯಿಂದ ಮಾಡುವ ಬ್ಯಾಗುಗಳು ಕೆಲವು ದಿನಗಳಿಗೆ ಸಾಕಾಗುವಷ್ಟು ಮನೆಯಲ್ಲಿರಲೇಬೇಕು. 2020ರ ಅಕ್ಟೋಬರ್ 12ರಂದು ಗ್ರಿಡ್ ಕೆಟ್ಟು ಇಡೀ ಮುಂಬಯಿಗೆ ಕರೆಂಟ್ ಇಲ್ಲದಂತಾಯಿತು. ಕರೆಂಟ್ ಹೋಗದ ಊರು ಎಂಬ ನಮ್ಮ ಜಂಬ ಅಂದು ಇಳಿಯಿತು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದಾಗ ಡಯಾಲಿಸಿಸ್ ಕೇಂದ್ರಕ್ಕೆ ಹೋಗಬೇಕಾದವರ ಪಾಡು ಊಹಿಸಿಕೊಳ್ಳಿ. ಮನೆಯಲ್ಲೇ ಬ್ಯಾಗ್ ಇದ್ದವರು ರಸ್ತೆಯನ್ನು ಅವಲಂಬಿಸಬೇಕಿರಲಿಲ್ಲ.

ಆದ್ದರಿಂದ ಯಂತ್ರಕ್ಕೆ ಹೋಗುವವರೂ ಕೈವಿಧಾನವನ್ನು ಮೊದಲು ಕಲಿಯಬೇಕು ಎಂಬುದು ನನ್ನ ಹಟ. ಮನೆಯ ಇನ್ನೊಬ್ಬರೂ ಕಲಿಯಬೇಕು. ಸೊಸೆ ಮಾತ್ರ ಕಲಿತರೆ ಸಾಲದು, ಮಗನೂ ಕಲಿಯಲಿ.

ಯಂತ್ರ ರಾತ್ರಿ ಕೂಗುತ್ತಲೇ ಇರುತ್ತದೆ. ಕೆಟ್ಟಿದೆಯೇ?

ಬಹುಮಟ್ಟಿಗೆ ಕೆಟ್ಟಿರುವುದಿಲ್ಲ. ನಳಿಕೆಯ ಮೇಲೆ ಮಲಗಿರುತ್ತಾರೆ, ಇಲ್ಲವೇ ಮಲಬದ್ಧತೆ. ತುಂಬಿದ ಕರುಳು ಒಳಗಿನ ಕೊಳವೆಯನ್ನು ಒತ್ತಿದರೆ ದ್ರವ ಹೊರಬರುವುದಿಲ್ಲ. ಎಂಜಿನಿಯರನ್ನು ಕರೆಯುವ ಮೊದಲು ಹೊಟ್ಟೆ ಸರಿಯಾಗಿ ಹೋಗಿದೆಯೇ ಎಂದು ಕೇಳುವುದು ನಮ್ಮ ಹಳೆಯ ಪದ್ಧತಿ. ಬಿಳಿ ಎಳೆಗಳಂಥ ಫೈಬ್ರಿನ್ ಕಂಡರೆ ಆಸ್ಪತ್ರೆಗೆ ತಿಳಿಸಿ.

ಹೊಸ ಯಂತ್ರಗಳು ಆಸ್ಪತ್ರೆಗೆ ತಾವೇ ಸುದ್ದಿ ಕಳಿಸುತ್ತವಂತೆ, ನಿಜವೇ?

ನಿಜ. ಎಷ್ಟು ದ್ರವ ಒಳಹೋಯಿತು, ಎಷ್ಟು ಹೊರಬಂತು, ಎಷ್ಟು ಸಲ ಅಲಾರಂ ಆಯಿತು, ಮಧ್ಯದಲ್ಲೇ ಬಿಚ್ಚಿದರೇ ಎಂಬುದೆಲ್ಲ ಮೋಡೆಮ್ ಮೂಲಕ ಹೋಗುತ್ತದೆ. ಬ್ಯಾಕ್ಸ್‌ಟರ್ ಕಂಪನಿ ತನ್ನ ಸೈಕ್ಲರ್‌ಗಳಿಗೆ ಷೇರ್‌ಸೋರ್ಸ್ ಎಂಬ ವ್ಯವಸ್ಥೆಯನ್ನು ಜೋಡಿಸಿತು. ಆ ಕಂಪನಿಯ ಕಿಡ್ನಿ ವಿಭಾಗ ಈಗ ವ್ಯಾಂಟಿವ್ ಎಂಬ ಹೆಸರಿನಲ್ಲಿ ಬೇರೆಯಾಗಿದೆ. ಬೆಳಿಗ್ಗೆ ನರ್ಸ್ ಪರದೆ ನೋಡಿ, ‘ಮೂರು ರಾತ್ರಿಯಿಂದ ನೀರು ಸರಿಯಾಗಿ ಬರುತ್ತಿಲ್ಲ, ಕಾಲು ಊದಿದೆಯೇ’ ಎಂದು ತಾವೇ ಕೇಳಬಹುದು. ಡಾಕ್ಟರು ಯಂತ್ರದ ಕಾರ್ಯಕ್ರಮವನ್ನು ದೂರದಿಂದಲೇ ಬದಲಿಸಬಹುದು. 2019ರಲ್ಲಿ ಪ್ರಕಟವಾದ ಕೊಲಂಬಿಯಾದ ಅಧ್ಯಯನವೊಂದರಲ್ಲಿ ಹೀಗೆ ನಿಗಾ ಇದ್ದವರು ಆಸ್ಪತ್ರೆ ಸೇರುವ ಸಂದರ್ಭಗಳು ಕಡಿಮೆಯಾಗಿದ್ದವು.

ಮುಂದಿನ ಹತ್ತು ವರ್ಷದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬರುವುದು ಇದೇ ಎಂಬುದು ನನ್ನ ಅಂದಾಜು. ಕಾರವಾರದ ಆಚೆಯ ಹಳ್ಳಿಯವರೂ ಮುಂಬಯಿಯ ವೈದ್ಯರ ಕಣ್ಣಳತೆಯಲ್ಲಿರಬಹುದು. ಆದರೆ ಒಂದು ಷರತ್ತು. ಆ ಪರದೆಯನ್ನು ದಿನವೂ ನೋಡುವವರೊಬ್ಬರು ಬೇಕು. ಯಂತ್ರ ಕೊಡುವಾಗ ಆಸ್ಪತ್ರೆಯನ್ನು ಕೇಳಿ: ಬೆಳಿಗ್ಗೆ ಇದನ್ನು ಯಾರು ನೋಡುತ್ತಾರೆ, ಭಾನುವಾರ ಯಾರು ನೋಡುತ್ತಾರೆ? ಉತ್ತರ ತಡವರಿಸಿದರೆ ಮೋಡೆಮ್ ಇದ್ದೂ ಇಲ್ಲದಂತೆ.

ಸೋಂಕಿನ ಭಯ. ಗೊತ್ತಾಗುವುದು ಹೇಗೆ?

ಹೊರಬರುವ ದ್ರವ ತಿಳಿಹಳದಿ ಬಣ್ಣದ್ದು, ಪಾರದರ್ಶಕ. ಬ್ಯಾಗಿನ ಹಿಂದೆ ಪಂಚಾಂಗ ಹಿಡಿದರೆ ಅಕ್ಷರ ಓದಲು ಬರಬೇಕು. ಅಕ್ಷರ ಮಸುಕಾದರೆ, ದ್ರವ ಅಕ್ಕಿ ತೊಳೆದ ನೀರಿನಂತಾದರೆ, ಹೊಟ್ಟೆ ನೋವು ಅಥವಾ ಜ್ವರ ಬಂದರೆ ಆ ಬ್ಯಾಗನ್ನು ಕೈಯಲ್ಲಿ ಹಿಡಿದುಕೊಂಡೇ ಆಸ್ಪತ್ರೆಗೆ ಹೋಗಿ. ನಾಳೆ ನೋಡೋಣ ಎನ್ನಬೇಡಿ. ರಾತ್ರಿಯ ದ್ರವ ನೇರವಾಗಿ ಬಚ್ಚಲಿಗೆ ಹರಿದುಹೋಗುವವರು ಬೆಳಿಗ್ಗೆ ಒಂದಿಷ್ಟನ್ನಾದರೂ ಹಿಡಿದು ನೋಡಬೇಕು, ಇಲ್ಲದಿದ್ದರೆ ಗೊತ್ತೇ ಆಗುವುದಿಲ್ಲ. ಬೆಳಕು ಹಾಯಿಸಿ ದ್ರವದ ಕದಡನ್ನು ತಾನೇ ಗುರುತಿಸುವ ಸಾಧನಗಳು ಹೊರದೇಶಗಳಲ್ಲಿ ಬಂದಿವೆ. ಅವು ಅಗ್ಗವಾಗಿ ಇಲ್ಲಿಗೆ ಬಂದರೆ ನನಗೆ ನಿಜಕ್ಕೂ ಸಂತೋಷ.

ಅಂತರರಾಷ್ಟ್ರೀಯ ಪೆರಿಟೋನಿಯಲ್ ಡಯಾಲಿಸಿಸ್ ಸಂಘದ 2022ರ ಶಿಫಾರಸಿನಂತೆ ಒಂದು ಕೇಂದ್ರದಲ್ಲಿ ಸೋಂಕಿನ ದರ ರೋಗಿಯೊಬ್ಬರಿಗೆ ವರ್ಷಕ್ಕೆ 0.40ಕ್ಕಿಂತ ಹೆಚ್ಚಿರಬಾರದು. ಅಂದರೆ ಎರಡೂವರೆ ವರ್ಷಕ್ಕೆ ಒಂದು. ನಿಮ್ಮ ಕೇಂದ್ರದ ದರ ಎಷ್ಟೆಂದು ಕೇಳುವ ಹಕ್ಕು ನಿಮಗಿದೆ.

ಖರ್ಚು ಎಷ್ಟು? ಸರ್ಕಾರದ ನೆರವು ಸಿಗುತ್ತದೆಯೇ?

ಅಂಕಿ ಬರೆಯುವುದಿಲ್ಲ, ಆಸ್ಪತ್ರೆಗೊಂದು, ಬ್ಯಾಗಿನ ಬಗೆಗೊಂದು ದರ. ಯಂತ್ರಕ್ಕೆ ಹೋಗುವ ಹಣ ಒಂದು ಸಲದ್ದು, ಕೆಲವೆಡೆ ಬಾಡಿಗೆಗೂ ಸಿಗುತ್ತದೆ. ಕೊನೆಯಿಲ್ಲದೆ ಹೋಗುವುದು ದ್ರವಕ್ಕೆ ಮತ್ತು ದಿನವೂ ಬದಲಿಸುವ ನಳಿಕೆಯ ಸೆಟ್ಟಿಗೆ. ಯಂತ್ರವಿಧಾನ ಕೈವಿಧಾನಕ್ಕಿಂತ ದುಬಾರಿಯಾಗುವುದು ಇಲ್ಲಿಯೇ. ದಾನಿಗಳು, ಸಂಘದವರು ಉತ್ಸಾಹದಿಂದ ಯಂತ್ರ ಕೊಡಿಸುತ್ತಾರೆ, ಫೋಟೋ ತೆಗೆಸಿಕೊಳ್ಳುತ್ತಾರೆ. ದ್ರವಕ್ಕೆ ಹಣ ಮುಗಿದು ಕಪಾಟು ಸೇರಿದ ಯಂತ್ರಗಳನ್ನು ಕಂಡವಳು ನಾನು. ನೆರವು ನೀಡುವ ಮನಸ್ಸಿದ್ದವರು ಒಬ್ಬರ ಒಂದು ವರ್ಷದ ದ್ರವ ಕೊಡಿಸಲಿ.

ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಹೀಮೋಡಯಾಲಿಸಿಸ್‌ನಿಂದ, ಅಂದರೆ ರಕ್ತವನ್ನೇ ಮೈಯಿಂದ ಹೊರತಂದು ಯಂತ್ರದಲ್ಲಿ ಶುದ್ಧೀಕರಿಸುವ ವಿಧಾನದಿಂದ, ಆರಂಭವಾಯಿತು. ಪೆರಿಟೋನಿಯಲ್ ವಿಧಾನದ ಮಾರ್ಗಸೂಚಿ ಬಂದದ್ದು 2019ರಲ್ಲಿ. ಮಹಾರಾಷ್ಟ್ರದಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಜನ ಆರೋಗ್ಯ ಯೋಜನೆ ಇದೆ, ಜೊತೆಗೆ ಆಯುಷ್ಮಾನ್ ಭಾರತ್. ನಿಮ್ಮ ಆಸ್ಪತ್ರೆಯಲ್ಲಿ ಇವುಗಳಡಿ ಮನೆಯ ದ್ರವವೂ ಸೇರುತ್ತದೆಯೇ ಎಂದು ಆಸ್ಪತ್ರೆಯಲ್ಲಿ ಯೋಜನೆಯ ಸಹಾಯಕ್ಕಿರುವ ಆರೋಗ್ಯಮಿತ್ರರನ್ನು ಕೇಳಿ ಬರೆಸಿಕೊಳ್ಳಿ. ಖಾಸಗಿ ವಿಮೆಯವರನ್ನೂ ಇದೇ ಪ್ರಶ್ನೆ ಕೇಳಿ: ಆಸ್ಪತ್ರೆಯಲ್ಲಿ ಮಲಗದೆ ಮನೆಯಲ್ಲಿ ಮಾಡುವ ಡಯಾಲಿಸಿಸ್‌ಗೆ ಹಣ ಕೊಡುತ್ತೀರಾ? ರೇಷನ್ ಕಾರ್ಡ್ ಊರಿನಲ್ಲಿದ್ದು ದುಡಿಮೆ ಇಲ್ಲಿದ್ದರೆ ಕಾಗದಪತ್ರಗಳನ್ನು ಕೊಳವೆ ಹಾಕಿಸುವ ಮೊದಲೇ ಸರಿಮಾಡಿಕೊಳ್ಳಿ.

ಇಷ್ಟು ಅನುಕೂಲವಿದ್ದರೆ ಭಾರತದಲ್ಲಿ ಏಕೆ ಎಲ್ಲರೂ ಇದನ್ನು ಮಾಡಿಸುತ್ತಿಲ್ಲ?

ನಮ್ಮಲ್ಲಿ ಡಯಾಲಿಸಿಸ್ ಮಾಡಿಸುವ ಹತ್ತು ಜನರಲ್ಲಿ ಒಬ್ಬರೂ ಈ ವಿಧಾನದಲ್ಲಿಲ್ಲ. ಹಾಂಗ್‌ಕಾಂಗ್ 1985ರಿಂದಲೇ ಮೊದಲ ಆದ್ಯತೆ ಪೆರಿಟೋನಿಯಲ್ ವಿಧಾನಕ್ಕೆ ಎಂಬ ನೀತಿ ಹಿಡಿಯಿತು. ಅಲ್ಲಿ ಹೆಚ್ಚಿನವರು ಮನೆಯಲ್ಲೇ ಮಾಡಿಕೊಳ್ಳುತ್ತಾರೆ, ಅಲ್ಲಿಯ ಮನೆಗಳು ನಮ್ಮ ಮುಂಬಯಿಯವಕ್ಕಿಂತ ದೊಡ್ಡವೇನಲ್ಲ. ಥಾಯ್ಲೆಂಡ್ 2008ರಲ್ಲಿ ಅದೇ ದಾರಿ ಹಿಡಿದು ಹಳ್ಳಿಗಳಿಗೆ ದ್ರವ ತಲುಪಿಸಿತು. 2022ರಲ್ಲಿ ಆಯ್ಕೆಯನ್ನು ರೋಗಿಗಳಿಗೆ ಬಿಟ್ಟಾಗ ಜನ ಹೀಮೋಡಯಾಲಿಸಿಸ್ ಕಡೆಗೆ ವಾಲಿದರು.

ನಮ್ಮಲ್ಲಿ ರೋಗಿ ವೈದ್ಯರನ್ನು ತಲುಪುವುದೇ ಉಸಿರು ಕಟ್ಟಿದ ಮೇಲೆ. ಕುತ್ತಿಗೆಗೆ ಕೊಳವೆ ಹಾಕಿ ಹೀಮೋಡಯಾಲಿಸಿಸ್ ಆರಂಭವಾಗುತ್ತದೆ, ಆಮೇಲೆ ಬೇರೆ ದಾರಿಯ ಮಾತು ಯಾರೂ ಎತ್ತುವುದಿಲ್ಲ. ಕೇಂದ್ರದ ಕುರ್ಚಿಗಳು ತುಂಬಿರಬೇಕೆಂಬ ಲೆಕ್ಕಾಚಾರವೂ ಇಲ್ಲವೆನ್ನಲಾರೆ. ಇದರ ಮೇಲೆ ತರಬೇತಿ ಪಡೆದ ನರ್ಸ್‌ಗಳು ಕಡಿಮೆ. ನಿಮ್ಮ ಕಿಡ್ನಿ ಇನ್ನೂ ಸ್ವಲ್ಪ ಮೂತ್ರ ಮಾಡುತ್ತಿರುವಾಗಲೇ ಕೇಳಿ. ಆಗ ದಿನಕ್ಕೆ ಒಂದೆರಡು ಬ್ಯಾಗಿನಿಂದಲೇ ಆರಂಭಿಸಲು ಕೆಲವರಿಗೆ ಸಾಧ್ಯ, ಖರ್ಚೂ ಕಡಿಮೆ.

ಸೊಂಟಕ್ಕೆ ಕಟ್ಟಿಕೊಳ್ಳುವ ಕಿಡ್ನಿ ಬರುತ್ತದಂತೆ. ಅದು ಬರುವವರೆಗೆ ತಡೆಯೋಣವೇ?

ತಡೆಯಬೇಡಿ. ಅದರ ಹಿಂದಿನ ವಿಚಾರ ಒಳ್ಳೆಯದೇ: ಹೊರಬಂದ ದ್ರವವನ್ನು ಚೆಲ್ಲದೆ ಸಣ್ಣ ಡಬ್ಬಿಯ ಮೂಲಕ ಹಾಯಿಸಿ, ವಿಷವನ್ನು ಹೀರಿಸಿ, ಅದೇ ದ್ರವವನ್ನು ಮತ್ತೆ ಒಳಗೆ ಕಳಿಸುವುದು. ಸಿಂಗಪುರದ ಅವಾಕ್ ಕಂಪನಿಯ ಸಾಧನವನ್ನು ಅಲ್ಲಿಯ ಆಸ್ಪತ್ರೆಯಲ್ಲಿ ರೋಗಿಗಳ ಮೇಲೆ ಪರೀಕ್ಷಿಸಲಾಗಿದೆ. 2019ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್.ಡಿ.ಎ. ಅದಕ್ಕೆ ಶೀಘ್ರ ಪರಿಶೀಲನೆಯ ಮಾನ್ಯತೆ ಕೊಟ್ಟಿತು. ಯುರೋಪಿನಲ್ಲೂ ಇಂಥ ಪ್ರಯತ್ನಗಳಿವೆ. ತೊಡಕಿರುವುದು ಯೂರಿಯಾದಲ್ಲಿ. ಅದನ್ನು ಕಿಣ್ವದಿಂದ ಒಡೆದರೆ ಅಮೋನಿಯಾ ಹುಟ್ಟುತ್ತದೆ, ಅದನ್ನು ಹಿಡಿದಿಡಲು ಜಿರ್ಕೋನಿಯಂ ಫಾಸ್ಫೇಟ್ ಬೇಕು, ಆ ಡಬ್ಬಿಯನ್ನು ಆಗಾಗ ಬದಲಿಸಬೇಕು. ಡಬ್ಬಿಯ ಬೆಲೆ ಬ್ಯಾಗಿನ ಬೆಲೆಗಿಂತ ಕಡಿಮೆಯಾಗುವವರೆಗೆ ಅದು ಡೊಂಬಿವಲಿಗೆ ಬರುವುದಿಲ್ಲ.

ಇದಕ್ಕಿಂತ ಮನೆಯಲ್ಲೇ ದ್ರವ ತಯಾರಿಸುವ ಯಂತ್ರದ ಮೇಲೆ ನನಗೆ ಹೆಚ್ಚು ಆಸೆ. ನಲ್ಲಿ ನೀರನ್ನು ಪೂರ್ತಿ ಶುದ್ಧೀಕರಿಸಿ, ಸಾಂದ್ರದ್ರವ ಬೆರೆಸಿ, ರಾತ್ರಿಗೆ ಬೇಕಾದಷ್ಟನ್ನು ಅಲ್ಲೇ ಮಾಡಿಕೊಳ್ಳುವುದು. ಆಗ 360 ಕಿಲೋ ಹೊರುವ ಕಷ್ಟ ತಪ್ಪುತ್ತದೆ, ರಾಶಿ ಬೀಳುವ ಪ್ಲಾಸ್ಟಿಕ್ ಕಡಿಮೆಯಾಗುತ್ತದೆ. ಕಾರ್ಖಾನೆ ದೂರವಿದ್ದರೆ ಏನಾಗುತ್ತದೆ ಎಂಬುದನ್ನು 2024ರ ಸೆಪ್ಟೆಂಬರ್‌ನ ಹೆಲೀನ್ ಚಂಡಮಾರುತ ತೋರಿಸಿತು; ನಾರ್ತ್ ಕ್ಯಾರೊಲಿನಾದಲ್ಲಿ ಬ್ಯಾಕ್ಸ್‌ಟರ್ ಕಾರ್ಖಾನೆಗೆ ನೀರು ನುಗ್ಗಿ ಅಮೆರಿಕದಲ್ಲೇ ದ್ರವಕ್ಕೆ ಅಭಾವ ಬಂತು. ಆದರೆ ದಿನಕ್ಕೆರಡು ಗಂಟೆ ನೀರು ಬಿಡುವ ಬಡಾವಣೆಗಳಲ್ಲಿ, ಸ್ಟೀಲ್ ಪಿಂಪಿನಲ್ಲಿ ಹಿಡಿದಿಟ್ಟ ನೀರಿನಿಂದ ಅದು ಹೇಗೆ ನಡೆಯುತ್ತದೆ ಎಂಬುದನ್ನು ಯಂತ್ರ ಮಾಡುವವರು ಇಲ್ಲಿಗೇ ಬಂದು ನೋಡಬೇಕು.

ಮಕ್ಕಳು ಬೆಂಗಳೂರಿನಲ್ಲಿ, ನಾವಿಬ್ಬರೇ ವಯಸ್ಸಾದವರು. ನಮ್ಮಿಂದಾದೀತೇ?

ಫ್ರಾನ್ಸ್‌ನಲ್ಲಿ ನರ್ಸ್ ಮನೆಗೆ ಬಂದು ಜೋಡಿಸಿ ಹೋಗುವ ಪದ್ಧತಿ ಬಹಳ ಕಾಲದಿಂದ ಇದೆ. ಯಂತ್ರವಿದ್ದರೆ ಸಂಜೆಗೊಮ್ಮೆ, ಬೆಳಿಗ್ಗೆಗೊಮ್ಮೆ ಬಂದರೆ ಸಾಕು. ಮುಂಬಯಿಯಲ್ಲಿ ಮನೆಗೆ ಬರುವ ಆಯಾಗಳು ಬೇಕಾದಷ್ಟಿದ್ದಾರೆ. ಅವರಿಗೆ ಎರಡು ವಾರ ಸರಿಯಾಗಿ ಕಲಿಸಿ ಪರೀಕ್ಷೆ ಮಾಡಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ ಬೆಳೆಯಬೇಕು. ಈಗ ಕಲಿಸಬೇಕಾದದ್ದು ನಿಮ್ಮ ಆಸ್ಪತ್ರೆಯ ನರ್ಸ್. ಆಯಾ ಬದಲಾದಾಗಲೆಲ್ಲ ಹೊಸಬರನ್ನೂ ಕಳಿಸಿ ಕಲಿಸಿ. ಕಣ್ಣು ಮಂಜು, ಕೈ ನಡುಕ, ಜೊತೆಗೆ ಯಾರೂ ಇಲ್ಲ ಎಂದಾದರೆ ಕೇಂದ್ರಕ್ಕೆ ಹೋಗುವುದೇ ಲೇಸು. ಅದರಲ್ಲಿ ಸೋಲೇನೂ ಇಲ್ಲ.

ಊರಿಗೆ ಹೋಗಬೇಕು. ಭೂತದ ನೇಮ ಇದೆ, ಮದುವೆ ಇದೆ.

ಹೋಗಿ. ಸೈಕ್ಲರ್ ಹನ್ನೆರಡು ಕಿಲೋ ಆಸುಪಾಸು, ಒಯ್ಯುವವರೂ ಇದ್ದಾರೆ. ಹೆಚ್ಚಿನವರು ಆ ದಿನಗಳಲ್ಲಿ ಕೈವಿಧಾನಕ್ಕೆ ಬದಲಾಯಿಸಿಕೊಳ್ಳುತ್ತಾರೆ. ಬ್ಯಾಗುಗಳನ್ನು ಮೊದಲೇ ಉಡುಪಿಗೋ ಕುಂದಾಪುರಕ್ಕೋ ಕಳಿಸುವಂತೆ ಕಂಪನಿಯವರಿಗೆ ಹೇಳಿ. ಮತ್ಸ್ಯಗಂಧಾ ರೈಲಿನಲ್ಲಿ ರಾತ್ರಿ ಕಳೆಯಬೇಕಾದರೆ ಆ ರಾತ್ರಿಯದನ್ನು ಹೇಗೆ ಸರಿದೂಗಿಸುವುದೆಂದು ಡಾಕ್ಟರ ಬಳಿ ಕೇಳಿಕೊಳ್ಳಿ; ಬೋಗಿಯಲ್ಲಿ ಬ್ಯಾಗ್ ಬದಲಿಸಲು ನಾನು ಹೇಳಲಾರೆ. ಊರಿನಲ್ಲಿ ಕೆರೆ, ಹೊಳೆ, ದೇವಸ್ಥಾನದ ಕಲ್ಯಾಣಿಯಲ್ಲಿ ಮುಳುಗು ಹಾಕುವಂತಿಲ್ಲ. ತಲೆಗೆ ತೀರ್ಥ ಪ್ರೋಕ್ಷಿಸಿಕೊಳ್ಳಿ, ದೇವರು ಒಪ್ಪುತ್ತಾನೆ.

ಊಟಕ್ಕೆ ಪಥ್ಯವೇನು?

ಹೀಮೋಡಯಾಲಿಸಿಸ್‌ನವರಷ್ಟು ಬಿಗಿ ಇಲ್ಲ. ದ್ರವದ ಜೊತೆ ದಿನವೂ ಪ್ರೋಟೀನ್ ಹೋಗುವುದರಿಂದ ಮೊಟ್ಟೆ, ಮೀನು, ಬೇಳೆ ಹೆಚ್ಚು ಬೇಕು. ಉಪ್ಪಿನಕಾಯಿ, ಹಪ್ಪಳ, ಒಣಮೀನು ದೂರ. ಪೊಟ್ಯಾಸಿಯಂ ಕೆಲವರಲ್ಲಿ ಕಡಿಮೆಯೇ ಆಗಬಹುದು, ರಕ್ತಪರೀಕ್ಷೆ ನೋಡಿ ತೀರ್ಮಾನ. ಕರಾವಳಿಯವರಿಗೆ ಒಂದು ಎಚ್ಚರಿಕೆ: ಐದು ಏಣಿನ ಧಾರೆಹುಳಿ, ಕೆಲವರು ಕರಂಬಲ ಎನ್ನುವ ಹಣ್ಣು, ಕಿಡ್ನಿ ಕೆಟ್ಟವರಿಗೆ ವಿಷ. ಬಿಕ್ಕಳಿಕೆಯಿಂದ ಆರಂಭವಾಗಿ ಅಪಸ್ಮಾರ, ಸಾವಿನವರೆಗೂ ಹೋಗಬಹುದು. ಸಾರಿಗೂ ಬೇಡ, ಜ್ಯೂಸಿಗೂ ಬೇಡ.

ನನಗೆ ಸಕ್ಕರೆ ಕಾಯಿಲೆ. ದ್ರವದಲ್ಲಿ ಗ್ಲೂಕೋಸ್ ಇದೆಯಲ್ಲ?

ಇದೆ, ಸ್ವಲ್ಪ ಭಾಗ ಮೈಗೆ ಸೇರುತ್ತದೆ, ಇನ್ಸುಲಿನ್ ಬದಲಿಸಬೇಕಾಗುತ್ತದೆ. ಹಗಲಿನ ದೀರ್ಘ ಅವಧಿಗೆ ಗ್ಲೂಕೋಸ್ ಬದಲು ಐಕೊಡೆಕ್ಸ್‌ಟ್ರಿನ್ ದ್ರವವನ್ನು ಕೊಡುವುದುಂಟು. ಆಗ ಎಲ್ಲ ಗ್ಲುಕೋಮೀಟರ್ ಬಳಸುವಂತಿಲ್ಲ. ಕೆಲವು ಬಗೆಯ ಸ್ಟ್ರಿಪ್‌ಗಳು ಈ ದ್ರವ ಮೈಯಲ್ಲಿ ಒಡೆದು ಹುಟ್ಟುವ ಮಾಲ್ಟೋಸನ್ನೂ ಗ್ಲೂಕೋಸ್ ಎಂದೇ ಓದಿ ಇಲ್ಲದ ಸಕ್ಕರೆಯನ್ನು ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಚುಚ್ಚಿಕೊಂಡರೆ ಪ್ರಾಣಕ್ಕೇ ಕುತ್ತು. ನಿಮ್ಮ ಮೀಟರನ್ನು ಆಸ್ಪತ್ರೆಗೆ ಒಯ್ದು ತೋರಿಸಿ. ಬೇರೆ ಆಸ್ಪತ್ರೆಗೆ ತುರ್ತಾಗಿ ಸೇರಿದರೆ ಅಲ್ಲಿಯವರಿಗೂ ಈ ಮಾತು ಹೇಳುವವರು ಬೇಕು. ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಳ್ಳಿ.

ಇದನ್ನು ಆರಂಭಿಸಿದರೆ ಕಿಡ್ನಿ ಕಸಿಗೆ ಅಡ್ಡಿಯೇ?

ಅಡ್ಡಿಯಿಲ್ಲ. ಪೊರೆ ವರ್ಷಗಳು ಕಳೆದಂತೆ ದಣಿಯುತ್ತದೆ, ಆದ್ದರಿಂದ ಕಸಿಯ ಆಲೋಚನೆ ಬೇಗ ಮಾಡುವುದೇ ಒಳ್ಳೆಯದು. ಮನೆಯಲ್ಲಿ ದಾನಿಗಳಿಲ್ಲದಿದ್ದರೆ ನಿಮ್ಮ ಕಸಿ ಆಸ್ಪತ್ರೆಯ ಮೂಲಕ ಮುಂಬಯಿಯ ವಲಯ ಕಸಿ ಸಮನ್ವಯ ಕೇಂದ್ರದ, ಅಂದರೆ ಜೆಡ್.ಟಿ.ಸಿ.ಸಿ.ಯ, ಕಾಯುವ ಪಟ್ಟಿಯಲ್ಲಿ ಹೆಸರು ಬರೆಸಿ. ಪಟ್ಟಿ ಉದ್ದವಿದೆ, ಈ ತಿಂಗಳೇ ಬರೆಸಿ.